ಆನೆಮರಿಗೆ ಟಿಕೆಟ್ ಕೊಟ್ಟ ಮಲ್ಲಣ್ಣ

ಕಂಡಕ್ಟರ್ ಮಲ್ಲಣ್ಣನ ಬಾಯಲ್ಲಿ ಸೀಟಿ ಇಲ್ಲ ಅಂದರೆ ಎರಡೇ ಕಾರಣ. ಒಂದೋ ಅವನು ಊಟಕ್ಕೆ ಕೂತಿರಬೇಕು, ಇಲ್ಲವೋ ರಸ್ತೆಗೆ ಆನೆ ಬಂದಿರಬೇಕು. ಉಳಿದ ಹೊತ್ತೆಲ್ಲ ಆ ಸೀಟಿ ಅವನ ಪೊದೆ ಮೀಸೆಯ ಕೆಳಗೇ ಇರುತ್ತಿತ್ತು. ಸೀಟಿ ಕಚ್ಚಿಕೊಂಡೇ ಟಿಕೆಟ್ ಕೇಳುತ್ತಿದ್ದ, ಸೀಟಿ ಕಚ್ಚಿಕೊಂಡೇ ಬೈಯುತ್ತಿದ್ದ. ಬೈದದ್ದು ಏನೆಂದು ತಿಳಿಯದೆ ಎಷ್ಟೋ ಜನ ನಗುನಗುತ್ತಾ ಟಿಕೆಟ್ ತೆಗೆದುಕೊಂಡು ಹೋಗಿದ್ದಾರೆ.

ಮಕ್ಕಳಿಗಾಗಿ ನಾನು ನಾಲ್ಕು ಪುಸ್ತಕ ಬರೆದಿದ್ದೇನೆ. ಶಾಲೆಗಳಿಗೆ ಕರೆದಾಗ ಯಾವುದಾದರೂ ಮಗು ಎದ್ದು ನಿಂತು ಕೇಳಿಯೇ ಕೇಳುತ್ತದೆ: "ಮಿಸ್, ಕತೆ ಬರೆಯೋದು ಎಲ್ಲಿ ಕಲಿತ್ರಿ?" ದೊಡ್ಡ ದೊಡ್ಡ ಗ್ರಂಥಗಳ ಹೆಸರು ಹೇಳಲಿ ಎಂದು ಪಕ್ಕದಲ್ಲಿ ಹೆಡ್‌ಮಾಸ್ಟರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ. ನಾನು "ತಾಳಮಲೆ ಬಸ್ಸಿನಲ್ಲಿ" ಎನ್ನುತ್ತೇನೆ. ಪಾಪ, ಅವರ ಮುಖ ನೋಡಬೇಕು! ಆದರೆ ಸುಳ್ಳು ಹೇಳಲಿಕ್ಕಾಗುತ್ತದೆಯೇ? ಮಲ್ಲಣ್ಣ ತೀರಿಕೊಂಡು ಎರಡು ವರ್ಷವಾಯಿತು. ಇದ್ದಿದ್ದರೆ ಅಲ್ಲೇ ಸೀಟಿ ಊದಿ ನನ್ನ ಭಾಷಣವನ್ನೂ ನಿಲ್ಲಿಸುತ್ತಿದ್ದ.

ನಮ್ಮೂರು ತಮಿಳುನಾಡಿನ ಗಡಿಯೊಳಗಿನ ತಾಳಮಲೆ, ಆರನೇ ಕ್ಲಾಸಿನಿಂದ ಹೈಸ್ಕೂಲು ತಾಳವಾಡಿಯಲ್ಲಿ, ನಡುವೆ ಕಾಡು. ಬೆಳಿಗ್ಗೆ ಹೋಗಿ ಸಂಜೆ ಬರಲು ನಮಗಿದ್ದದ್ದು ಅದೊಂದೇ ಬಸ್ಸು. ಡ್ರೈವರುಗಳು ಕೆಳಗಿನ ತಮಿಳು ಬಯಲಿನಿಂದ ಬಂದು ಆರು ತಿಂಗಳಿಗೆ ಬದಲಾಗುತ್ತಿದ್ದರು. ಮಲ್ಲಣ್ಣ ಮಾತ್ರ ಇಲ್ಲಿಯವನೇ, ಹಣೆ ತುಂಬ ವಿಭೂತಿ, ಊರಲ್ಲಿ ಒಂದಿಷ್ಟು ರಾಗಿ ಹೊಲ. ತಾಳಮಲೆ ಬಸ್ಸು ಬಿಟ್ಟು ಬೇರೆ ಬಸ್ಸಿಗೆ ಹಾಕಿದರೆ ಅವನಿಗೆ ಜ್ವರ ಬರುತ್ತಿತ್ತಂತೆ. ಮಕ್ಕಳು ಇಳಿಯುವಾಗ ಬಾಗಿಲ ಪಕ್ಕಕ್ಕೆ ಸರಿದು ನಿಂತು ಒಬ್ಬೊಬ್ಬರಿಗೂ "ಮೆಲ್ಲಗ ಇಳಿಯವ್ವಾ, ಮೆಟ್ಲು ನೋಡ್ಕ" ಎನ್ನುತ್ತಿದ್ದ. ಊಟ, ಆನೆ ಬಿಟ್ಟರೆ ಆ ಎರಡು ಮಾತಿಗೆ ಮಾತ್ರ ಸೀಟಿ ಒಂದು ಗಳಿಗೆ ಕೈಗೆ ಬರುತ್ತಿತ್ತು.

ಬಿದಿರು ಮೆಳೆಗಳ ಹತ್ತಿರ ಒಂದು ದೊಡ್ಡ ತಿರುವಿದೆ. ವಾರದಲ್ಲಿ ಮೂರು ದಿನವಾದರೂ ಅಲ್ಲಿ ಆನೆಗಳು ರಸ್ತೆಯಲ್ಲಿ ನಿಂತಿರುತ್ತಿದ್ದವು. ಆಗ ಇಂಜಿನ್ ಆಫ್ ಮಾಡಬೇಕು, ಹಾರನ್ ಹೊಡೆಯಬಾರದು, ಯಾರೂ ಉಸಿರೆತ್ತಬಾರದು. ದೊಡ್ಡವರು ಹೇಗೋ ಸುಮ್ಮನಿರುತ್ತಿದ್ದರು. ಶಾಲೆ ಬಿಟ್ಟು ಬಂದ ಮೂವತ್ತು ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ? ಗದರೋಣವೆಂದರೆ ಮಲ್ಲಣ್ಣನ ಗಂಟಲಿಗೆ ಆನೆಯೇ ತಿರುಗಿ ನೋಡುತ್ತಿತ್ತು. ಅದಕ್ಕೇ ಅವನು ಒಂದು ದಾರಿ ಕಂಡುಕೊಂಡಿದ್ದ. ಸೀಟಿಯನ್ನು ಬಾಯಿಂದ ತೆಗೆದು, ಒರೆಸಿ, ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕುತ್ತಿದ್ದ. ಆಮೇಲೆ ನಮ್ಮ ಸೀಟುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಪಿಸುದನಿಯಲ್ಲಿ ಶುರು ಮಾಡುತ್ತಿದ್ದ.

"ಉಸ್... ಬನ್ನಿ ಕೂಸ್ಗಳಾ ಅತ್ರಕ್ಕ. ಆಸನೂರ್ ಕಡ ಒಂದ್ ಆನಮರಿ ಇತ್ತು ಕಣ್ರವ್ವಾ. ಅದ್ರಜ್ಜಿ ತಾಳಮಲೇಲಿ ಇತ್ತು. ಅಜ್ಜಿಗ ಅಂತ ಒಂದ್ ಕಬ್ಬಿನ್ ಜಲ್ಲೆ ಇಡ್ಕಂಡು ನಮ್ ಬಸ್ ಅತ್ಬುಡ್ತು. ನಾನ್ ಕೇಳ್ದಿ, ಅರ್ದ ಟಿಕೆಟ್ಟಾ ಪೂರ್ತಿ ಟಿಕೆಟ್ಟಾ? ಅದು ಅಂದ್ತು, ನಂಗಿನ್ನೂ ಮೂರೇ ವರ್ಸ ಮಾವಾ."

ಮೂರು ವರ್ಷದ ಆ ಕೂಸನ್ನು ಎಲ್ಲಿ ಕೂರಿಸುವುದು ಎಂಬುದೇ ದೊಡ್ಡ ಫಜೀತಿ. ಕೋಳಿಬುಟ್ಟಿಯ ಮುದುಕಿಯೊಬ್ಬಳು "ಬಾ ಮಗಾ, ತೊಡ ಮ್ಯಾಲ್ ಕುಂತ್ಕ" ಎಂದು ಕರೆಯುತ್ತಾಳೆ. ಡ್ರೈವರು ಕನ್ನಡಿಯಲ್ಲಿ ನೋಡಿ ಬೆವರುತ್ತಾನೆ. ಮರಿ ಇನ್ನೇನು ಮುದುಕಿಯ ತೊಡೆಯ ಮೇಲೆ ಕೂರಬೇಕು, ಅಷ್ಟರಲ್ಲಿ ಹೊರಗಿನ ನಿಜವಾದ ಆನೆಗಳು ರಸ್ತೆ ದಾಟಿಬಿಡುತ್ತಿದ್ದವು. ಮಲ್ಲಣ್ಣ ಥಟ್ಟನೆ ಎದ್ದು, ಗುಂಡಿ ಬಿಚ್ಚಿ, ಸೀಟಿ ಬಾಯಿಗಿಟ್ಟು ಎರಡು ಸಲ ಊದಿ ಕೂಗುತ್ತಿದ್ದ: "ಪೋಲಾಂ ರೈಟ್!" ಹೊರಡಬಹುದು ಎಂದು ಡ್ರೈವರಿಗೆ ತಮಿಳಿನಲ್ಲಿ ಕೊಡುವ ಅಪ್ಪಣೆ ಅದು. ಅಲ್ಲಿಗೆ ಕತೆ ಖತಂ.

ಮರುದಿನ ಆನೆ ಬಂದರೆ ಮತ್ತೆ ಮೊದಲಿನಿಂದ. ಒಂದು ದಿನ ಮರಿ ಟೀ ಅಂಗಡಿಯ ಹತ್ತಿರ ಇಳಿದು ಬಜ್ಜಿ ತಿಂದು ಖಾರ ಹತ್ತಿಸಿಕೊಳ್ಳುತ್ತಿತ್ತು. ಇನ್ನೊಂದು ದಿನ ಮರಿಯ ಭಾರಕ್ಕೆ ಟೈರು ಟುಸ್ ಎನ್ನುತ್ತಿತ್ತು. ಅಜ್ಜಿಯ ಮನೆ ಮಾತ್ರ ಬರುತ್ತಲೇ ಇರಲಿಲ್ಲ. ಅಯ್ಯೋ, ನನಗಾಗುತ್ತಿದ್ದ ಸಂಕಟ! ಬಸ್ಸಿನ ದೊಡ್ಡವರೆಲ್ಲ ಆನೆ ಬೇಗ ಹೋಗಲಿ ಎಂದು ಮಾದಪ್ಪನಿಗೆ ಕೈ ಮುಗಿಯುತ್ತಿದ್ದರೆ, ನಾನೊಬ್ಬಳು ಇನ್ನೊಂದು ಗಳಿಗೆ ನಿಲ್ಲಿಸಪ್ಪಾ ಎಂದು ಅದೇ ಮಾದಪ್ಪನನ್ನು ಬೇಡುತ್ತಿದ್ದೆ. ದೇವರು ಯಾರ ಮಾತು ಕೇಳಬೇಕು ಹೇಳಿ!

ಎಂಟನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಒಂದು ಕತೆ ಬರೆದು ತರಲು ಹೇಳಿದರು. ಅವರು ಆಗಷ್ಟೇ ವರ್ಗವಾಗಿ ಬಂದವರು, ನಮ್ಮ ಬಸ್ಸು ಹತ್ತಿದವರಲ್ಲ. ನಾನು ಎರಡು ಪುಟ ತುಂಬ ಮೊಲದ ಕತೆ ಬರೆದೆ. ಮೊಲ ಬಾವಿಯ ಕಟ್ಟೆ ಹತ್ತಿ ಒಳಗೆ ಬಗ್ಗಿ ನೋಡಿತು. ಕೊನೆಯ ಸಾಲು: "ಅಷ್ಟರಲ್ಲಿ ಆನೆ ದಾಟಿತು. ಪೋಲಾಂ ರೈಟ್."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಯಾವ ಆನೆಯಮ್ಮ? ಕತೆಯಲ್ಲಿ ಆನೆಯೇ ಇಲ್ಲವಲ್ಲ! ಮೊಲ ಏನಾಯ್ತು?"

"ಗೊತ್ತಿಲ್ಲ ಸಾರ್. ಎಲ್ಲಾ ಕತೆನೂ ಹಂಗೇ ಅಲ್ವಾ ಸಾರ್ ಮುಗಿಯೋದು?" ಎಂದೆ.

ನಮ್ಮ ಬಸ್ಸಿನ ಮಕ್ಕಳೆಲ್ಲ "ಊಂ ಸಾರ್, ಹಂಗೇ" ಎಂದು ತಲೆಯಾಡಿಸಿದರು. ಮೇಷ್ಟ್ರಿಗೆ ತಾವೇ ತಪ್ಪಿದೆವೇನೋ ಎಂದು ಒಂದು ಕ್ಷಣ ಅನುಮಾನ ಬಂದಿರಬೇಕು. ಆಮೇಲೆ ನಿಧಾನವಾಗಿ ಹೇಳಿದರು: "ಇಲ್ಲಮ್ಮ. ಕತೆಗೆ ಕೊನೆ ಅಂತ ಒಂದಿರುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಅಂದರೆ ಇಷ್ಟು ವರ್ಷ ಕೊನೆಯನ್ನು ಮಲ್ಲಣ್ಣ ತನ್ನ ಹತ್ತಿರವೇ ಇಟ್ಟುಕೊಂಡಿದ್ದ! ಆವತ್ತು ಸಂಜೆ ಬಸ್ಸು ಹತ್ತಿದವಳೇ ಅವನ ಚರ್ಮದ ಚೀಲ ಹಿಡಿದು ಎಳೆದೆ. "ಮಲ್ಲಣ್ಣಾ, ಆನಮರಿ ಅಜ್ಜಿ ಮನ ಸೇರ್ತೋ ಇಲ್ವೋ? ಇವತ್ ಯೋಳ್ಲೇಬೇಕು."

ಮಲ್ಲಣ್ಣ ಸೀಟಿ ಕೈಗೆ ತೆಗೆದುಕೊಂಡ. ಅವನ ಮುಖದಲ್ಲಿ ಅಷ್ಟು ನಾಚಿಕೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ. "ನಂಗೂ ಗೊತ್ತಿಲ್ಲ ಕಣವ್ವಾ. ಆನ ಎಸ್ಟೊತ್ ನಿಂತ್ಕತ್ತದೋ ಅಸ್ಟು ಎಳೀತೀನಿ. ಕೊನೆಗಂಟ ನಾನೇ ವೋಗಿಲ್ಲ. ಒಂದ್ ಕೆಲ್ಸ ಮಾಡು, ನೀನೇ ಸೇರ್ಸು. ಸೇರ್ಸ್‌ಬುಟ್ಟು ನಂಗೂ ಯೋಳು."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದು ಮಲ್ಲಣ್ಣನಿಗೆ ಓದುತ್ತಿದ್ದೆ. ಅವನು ಟಿಕೆಟ್ ಹರಿಯುತ್ತಲೇ ಕೇಳಿ ಬೇಡವೆನ್ನುತ್ತಿದ್ದ. ಮರಿ ಅರ್ಧ ದಾರಿಯಲ್ಲಿ ಅಮ್ಮನ ನೆನಪಾಗಿ ಇಳಿದು ಹಿಂದಕ್ಕೆ ಹೋಯಿತು ಎಂದು ಬರೆದಾಗ ಅವನ ಹುಬ್ಬು ಗಂಟಿಕ್ಕಿತು. "ಕಾಡಲ್ ಇಳುಸ್ಬುಟ್ಟಲ್ಲವ್ವಾ! ಅತ್ಸ್ಕಂಡ್ ಮ್ಯಾಲ ಅವ್ರ್ ಜಾಗಕ್ ಸೇರ್ಸದು ನಮ್ ಕೆಲ್ಸ." ಎಲ್ಲವೂ ಕನಸಾಗಿತ್ತು ಎಂದು ಬರೆದಾಗ ಇನ್ನೂ ಕೆಂಡವಾದ. "ಕನ್ಸಾ? ಟಿಕೆಟ್ ಕೊಟ್‌ಬುಟ್ಟು ಆಮ್ಯಾಕ ಬಸ್ಸೇ ಇಲ್ಲ ಅಂತೀಯಾ?" ಇನ್ನೊಂದು ಸಲ ಹಿರಿಯರ ಮಾತು ಕೇಳಬೇಕು ಎಂದು ಮರಿಗೆ ಬುದ್ಧಿ ಹೇಳಿಸಿ ಮುಗಿಸಿದ್ದೆ. ಮಲ್ಲಣ್ಣ ಆಕಳಿಸಿದ. "ಇಳಿಯೋರ್ಗ ಬಾಗ್ಲಲ್ ನಿಲ್ಸ್ಕಂಡು ಬುದ್ದಿ ಯೋಳ್ಬ್ಯಾಡ. ಇಳಿಯಾಕ್ ಬುಡು."

ಮುಂದೆ ನಾನು ಟೀಚರ್ ಓದು ಮುಗಿಸಿ ಚಾಮರಾಜನಗರದಲ್ಲಿ ಕೆಲಸಕ್ಕೆ ಸೇರಿದೆ. ಮಕ್ಕಳ ಪತ್ರಿಕೆಗಳಿಗೆ ಕತೆ ಕಳಿಸುತ್ತಿದ್ದೆ. ಎಷ್ಟೋ ಸಂಪಾದಕರು ಕತೆ ತಿದ್ದಿದ್ದಾರೆ. ಮಲ್ಲಣ್ಣ ಹೇಳಿದ ಆ ಮೂರು ಮಾತಿಗಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ಕೊನೆಗೂ ಮೊದಲ ಪುಸ್ತಕ ಅಚ್ಚಾಯಿತು. ಅದರ ಕಡೆಯ ಕತೆ ಆನೆಮರಿಯದು. ಅದಕ್ಕೆ ನಾನು ಕೊಟ್ಟಿದ್ದ ಕೊನೆಯನ್ನು ಮಲ್ಲಣ್ಣ ಇನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಅವ್ವ ಫೋನು ಮಾಡಿ, "ಶುಕ್ರಾರ ಮಲ್ಲಣ್ಣಂಗೆ ರಿಟೈರ್ಡಂತೆ ಕಣೇ, ಕಡೇ ಟ್ರಿಪ್ಪಂತೆ" ಎಂದಳು. ರಜಾ ಹಾಕಿ ಪುಸ್ತಕ ಹಿಡಿದು ಓಡಿದೆ.

ತಾಳವಾಡಿಯಲ್ಲಿ ಅವನ ಕೊರಳಿಗೆ ಸೇವಂತಿಗೆ ಹಾರ ಹಾಕಿದ್ದರು. ನನ್ನನ್ನು ಕಂಡವನೇ ಕಣ್ಣರಳಿಸಿದ. "ಬಂದ್ಯಾ ಮಗಳೇ! ತಂದಿದ್ದೀಯಾ?" ಎಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟ. "ಈಗ್ಲೇ ಓದ್ಬ್ಯಾಡ. ತಿರ್ವಲ್ಲಿ ಆನ ಬತ್ತದ. ಆಗ ಓದು." ಸಂಜೆಯ ಬಸ್ಸು. ಹಿಂದುಗಡೆ ಶಾಲೆಯ ಮಕ್ಕಳ ಗಲಾಟೆ. ಪುಸ್ತಕದ ಕಡೆಯ ಕತೆಗೆ ಬೆರಳಿಟ್ಟುಕೊಂಡು ಕೂತೆ. ಇದನ್ನೂ ಬೇಡವೆಂದರೆ ಇನ್ನೊಂದು ಬರೆದು ತರಲು ಅವನ ಬಸ್ಸೇ ಇರುವುದಿಲ್ಲವಲ್ಲ!

ತಿರುವು ಬಂತು. ರಸ್ತೆ ಖಾಲಿ. ಬಿದಿರು ಮೆಳೆಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಇಷ್ಟು ವರ್ಷ ಬೇಡವೆಂದರೂ ಬರುತ್ತಿದ್ದ ಆನೆಗಳು ಆವತ್ತೇ ಬರಲಿಲ್ಲ. ಮಲ್ಲಣ್ಣ ಬಾಗಿ ಆ ಕಡೆ ನೋಡಿದ, ಈ ಕಡೆ ನೋಡಿದ.

ಅಷ್ಟರಲ್ಲಿ ಉದ್ದಕ್ಕೆ ಒಂದು ಸೀಟಿ. ಬಸ್ಸು ಗಕ್ಕನೆ ನಿಂತಿತು. ಜನ ಕಿಟಕಿಗಳಿಗೆ ಮುಗಿಬಿದ್ದರು. ಮಲ್ಲಣ್ಣ ಸೀಟಿ ಒರೆಸಿ, ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡು, ಮಂಡಿನೋವಿಗೆ ಮುಲುಗುತ್ತಾ ಮಕ್ಕಳ ನಡುವೆ ಕುಕ್ಕರುಗಾಲಲ್ಲಿ ಕೂತ. "ಓದವ್ವಾ" ಎಂದ.

ಹೊಸ ಡ್ರೈವರು ಇಂಜಿನ್ ಆಫ್ ಮಾಡಿ ತಿರುಗಿ, ಆನೆ ಎಲ್ಲಿ ಎಂದು ತಮಿಳಿನಲ್ಲಿ ಪಿಸುಗುಟ್ಟಿದ: "ಅಣ್ಣೇ, ಯಾನೈ ಎಂಗೆ?"

"ಆನ ಒಳ್ಗೇ ಅದ ಕಣಪ್ಪಾ. ಇಳಿಯಗಂಟ ತಡ್ಕ."

ಓದಿದೆ. ಮರಿ ಹತ್ತಿತು, ಬಜ್ಜಿ ತಿಂದಿತು, ಟೈರು ಟುಸ್ ಎಂದಿತು. ಕೊನೆಗೆ ತಿರುವಿನಲ್ಲಿ ಬಸ್ಸು ನಿಂತಿತು, ಏಕೆಂದರೆ ರಸ್ತೆಯ ನಡುವೆ ಒಂದು ಮುದಿ ಆನೆ ನಿಂತಿತ್ತು. ಎಲ್ಲರೂ ಹೆದರಿ ಉಸಿರು ಹಿಡಿದರು. ಮರಿ ಮಾತ್ರ ಕಿಟಕಿಯಿಂದ ಸೊಂಡಿಲು ಚಾಚಿ ಕೂಗಿತು: "ಅಜ್ಜೀ!" ಮೊಮ್ಮಗು ಬಂತೇನೋ ಎಂದು ಅಜ್ಜಿ ದಿನಾ ಬಂದು ಬಸ್ಸು ಕಾಯುತ್ತಿತ್ತಂತೆ. ಜನ ಅದನ್ನು ಆನೆಕಾಟ ಅಂದುಕೊಂಡಿದ್ದರಂತೆ. ಮರಿ ಕಬ್ಬಿನ ಜಲ್ಲೆ ಎತ್ತಿಕೊಂಡು ಬಾಗಿಲಿಗೆ ಬಂತು.

ಪುಸ್ತಕ ಮುಚ್ಚಿದೆ. ಮಲ್ಲಣ್ಣ ಕಣ್ಣು ಒರೆಸಿಕೊಂಡು ಎದ್ದು ಬಾಗಿಲಿಗೆ ಹೋದ. ಪಕ್ಕಕ್ಕೆ ಸರಿದು ನಿಂತ. ಮಕ್ಕಳೆಲ್ಲ ನೋಡುತ್ತಿದ್ದರು.

"ಮೆಲ್ಲಗ ಇಳಿಯವ್ವಾ," ಎಂದ, "ಮೆಟ್ಲು ನೋಡ್ಕ."

ಒಂದು ಆನೆಮರಿ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ನನಗೆ ನಗುವೂ ಬಂತು, ಅಳುವೂ ಬಂತು. ನಾನು ಅವನನ್ನು ಕಡೆಯ ಸಲ ನೋಡಿದ್ದು ಆ ದಿನವೇ. ಆಮೇಲೆ ಅವನು ಜೇಬಿನ ಗುಂಡಿ ಬಿಚ್ಚಿ, ಸೀಟಿ ಬಾಯಿಗಿಟ್ಟು, ಎರಡು ಸಲ ಊದಿದ.

"ಪೋಲಾಂ ರೈಟ್!"