ಸೆಂದಿಯ ಕೋಣೆಯ ಒಲೆ

ಜಯಕರ ಶೆಟ್ಟಿಗೆ ಮಲೇಷ್ಯಾದಲ್ಲಿ ತನ್ನದೆಂದು ಹೇಳಿಕೊಳ್ಳಲು ಒಂದು ಗೇಣು ನೆಲವೂ ಇರಲಿಲ್ಲ. ಆದರೂ ಬದುಕಿನ ಕೊನೆಯ ವರ್ಷವನ್ನು ಅವನು ಒಂದು ಕೋಣೆಯನ್ನು ಉಳಿಸಿಕೊಳ್ಳುವುದಕ್ಕೇ ಕಳೆದ. ಜೀವ ಹೋದದ್ದೂ ಅದಕ್ಕಾಗಿಯೇ.

ಮಲ್ಪೆಯ ಕಡೆಯವನು. ಮಣಿಪಾಲದಲ್ಲಿ ಓದಿ, ಬೋರ್ನಿಯೋದ ಸಿಬು ಪಟ್ಟಣದ ಕಾಲೇಜೊಂದರಲ್ಲಿ ಶರೀರಶಾಸ್ತ್ರ ಕಲಿಸಲು ಬಂದಿದ್ದ. ಒಪ್ಪಂದ ಮುಗಿದ ಕೂಡಲೇ ಹೊರಡುವವನಿದ್ದ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದ, ಅಲ್ಲಿಯ ಇಬಾನ್ ಬುಡಕಟ್ಟಿನ ಹುಡುಗಿ ಸೆಂದಿ, ಅವನು ಹೇಳಿದ ತಮಾಷೆಗೆ ಎದುರಿಗೆ ನಗದೆ, ಪಕ್ಕದ ವಾರ್ಡಿಗೆ ಹೋದ ಮೇಲೆ ಒಬ್ಬಳೇ ಜೋರಾಗಿ ನಕ್ಕಳು. ಆ ನಗು ಕೇಳಿಸಿಕೊಂಡವನು ಮತ್ತೆ ಊರಿಗೆ ಹೋದದ್ದು ಅಪ್ಪ ತೀರಿಕೊಂಡಾಗ, ಬೊಜ್ಜದ ಊಟಕ್ಕೆ ಮಾತ್ರ.

ಸೆಂದಿಯ ಊರೆಂದರೆ ಒಂದೇ ಮನೆ. ಮೆಲಾಂಗ್ ಹೊಳೆಯ ದಡದಲ್ಲಿ ಕಂಬಗಳ ಮೇಲೆ ನಿಂತ ಉದ್ದಮನೆ. ಮುಂದುಗಡೆ ಎಲ್ಲರಿಗೂ ಸೇರಿದ ಒಂದೇ ಜಗಲಿ, ಹಿಂದೆ ಸಂಸಾರಕ್ಕೊಂದು ಕೋಣೆ. ಸಿಬುವಿನಿಂದ ಕಪಿತ್‌ವರೆಗೆ ದೊಡ್ಡ ದೋಣಿ, ಅಲ್ಲಿಂದ ಮೇಲೆ ಅರ್ಧ ದಿನ ಮೋಟಾರು ಕಟ್ಟಿದ ಸಣ್ಣ ದೋಣಿ. ಮರ ಸಾಗಿಸುವವರು ಕಡಿದ ಕೆಂಪು ರಸ್ತೆಯೊಂದಿತ್ತು, ಆದರೆ ಮಳೆ ಹಿಡಿದರೆ ಅದೂ ಹೊಳೆಯೇ.

ಅಲ್ಲಿ ಆಸ್ತಿಗೆ ಕಾಗದಕ್ಕಿಂತ ಬೆಂಕಿ ದೊಡ್ಡದು. ಕೋಣೆಯವರು ಎಲ್ಲೇ ಇರಲಿ, ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಒಲೆ ಹೊತ್ತಿಸಲೇಬೇಕು. ಬೇರೆ ಕೋಣೆಯವರು ಹೊತ್ತಿಸುವಂತಿಲ್ಲ. ಒಲೆ ತಣ್ಣಗಾದ ಕೋಣೆ ಸತ್ತ ಕೋಣೆ. ಸಾಲಿನ ನಡುವೆ ಸತ್ತ ಕೋಣೆಯನ್ನು ಇಟ್ಟುಕೊಂಡು ಅಕ್ಕಪಕ್ಕದವರು ನಿದ್ದೆ ಮಾಡಲಾರರು. ಅದರ ಬಾಗಿಲಿಗೆ ಹಲಗೆ ಹೊಡೆದು, ಅದಕ್ಕೆ ಸೇರಿದ ಗುಡ್ಡದ ಗದ್ದೆ, ಕಾಳುಮೆಣಸಿನ ತೋಟ, ಹಣ್ಣಿನ ಮರಗಳನ್ನು ಉಳಿದವರಿಗೆ ಹಂಚುತ್ತಾರೆ.

ಸೆಂದಿ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ಕೋಣೆಗೆ ಉಳಿದವಳು ಮಗಳು ಧೃತಿ ಒಬ್ಬಳೇ. ಅವಳಿದ್ದದ್ದು ಸಮುದ್ರದಾಚೆ, ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯಲ್ಲಿ. ಉದ್ದಮನೆಯ ಹಿರಿಯ ಉಂಚಾತ್ ಕೂಟ ಸೇರಿಸಿ ಹೇಳಿದ: "ಚಿಕ್ಗು, ನೀವು ಅವಳ ಗಂಡ. ಒಂದು ವರ್ಷ ನೀವು ಹೊತ್ತಿಸಿ, ನಮ್ಮ ತಕರಾರಿಲ್ಲ. ವರ್ಷ ತುಂಬುವ ಅಮಾವಾಸ್ಯೆಗೆ ಹುಡುಗಿ ಬಂದು ತಾನೇ ಹೊತ್ತಿಸಲಿ. ಅವಳು ಬಾರದೆ ನೀವೇ ಬಂದರೆ ಮತ್ತೆ ಕೂತು ಮಾತಾಡೋಣ. ಯಾರೂ ಬಾರದಿದ್ದರೆ ಮಾತೇ ಇಲ್ಲ." ಚಿಕ್ಗು ಎಂದರೆ ಮೇಷ್ಟ್ರು. ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು.

ಮೇಜಿನ ಮೇಲೆ ಉಡುಪಿಯ ಪಂಚಾಂಗ ಇಟ್ಟುಕೊಂಡು, ಜಯಕರ ವರ್ಷವಿಡೀ ಹೋಗಿ ಬಂದ. ಹೆಂಡತಿಯ ಕೋಣೆಯಲ್ಲಿ ಬೆಂಕಿ ಮಾಡಿ, ಚಹಾ ಕಾಯಿಸಿ, ಎರಡು ಲೋಟಕ್ಕೆ ಬಗ್ಗಿಸುತ್ತಿದ್ದ. ಮಗಳು ಇವತ್ತಲ್ಲ ನಾಳೆ ಬಂದಾಳು, ಬಂದಾಗ ಅಮ್ಮನ ಮನೆ ಎಂದು ತೆರೆಯಲು ಒಂದು ಬಾಗಿಲಿರಲಿ ಎನ್ನುವುದು ಅವನ ಆಸೆ. ಬೇರೆ ಆಸೆಯಿರಲಿಲ್ಲ.

ವರ್ಷ ತುಂಬುವ ಅಮಾವಾಸ್ಯೆ ಬಂದದ್ದು ಜನವರಿಯ ಮಳೆಯಲ್ಲಿ. ಅವನು ಮಗಳಿಗೆ ಫೋನ್ ಮಾಡಿದ.

"ಕ್ಯಾಂಟ್ ಲಾ, ಪಪ್ಪಾ. ದಿಸ್ ವೀಕ್ ರಿಲೀಸ್ ಇದೆ."

"ಒಂದು ದಿನ ಪುಟ್ಟಾ. ಬಂದು ಕಡ್ಡಿ ಗೀರಿ ಹೋಗು."

"ಆಮೇಲೆ? ನೆಕ್ಸ್ಟ್ ಮಂತ್? ನೆಕ್ಸ್ಟ್ ಇಯರ್? ಲೆಟ್ ಇಟ್ ಗೋ, ಪಪ್ಪಾ. ಮಮ್ಮಿ ಆ ರೂಮಲ್ಲಿ ಇಲ್ಲ."

"ಮತ್ತೆ ಎಲ್ಲಿದ್ದಾಳೆ?" ಎಂದ ಜಯಕರ. ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಯಿಂದ ಬ್ಯಾಡಗಿ ಮೆಣಸು ಕಳಿಸಿದ್ದೇನೆ, ಸಿಕ್ಕಿತಾ ಎಂದಷ್ಟೇ ಕೇಳಿ ಅವಳು ಫೋನಿಟ್ಟಳು.

ಸಿಬುವಿನ ದೋಣಿಕಟ್ಟೆಯಲ್ಲಿ ರಮಾನಂದ ಅವನನ್ನು ತಡೆದ. ಅದೇ ಕಾಲೇಜಿನ ಅಧ್ಯಾಪಕ, ಉಡುಪಿಯವನು. ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ಬೇರುಸಮೇತ ಮರಗಳು ತೇಲಿ ಹೋಗುತ್ತಿದ್ದವು.

"ಎಂತ ಮಾರಾಯ, ತಲೆ ಸರಿ ಉಂಟಾ? ಹೊಳೆ ಕಾಣ್ತದಾ ನಿಂಗೆ?"

"ಕಾಣ್ತದೆ. ಹೊಳೆಗೆ ನಾನು ಕಾಣದಿದ್ರೆ ಆಯ್ತು."

"ತಮಾಷೆ ಸಾಕು. ಇವತ್ತೊಂದು ಬಿಡು. ಆ ಹಿರಿಯನಿಗೆ ನಾನೇ ಫೋನ್ ಮಾಡ್ತೇನೆ."

"ಟವರ್ ಬಿದ್ದು ವಾರ ಆಯ್ತು. ಹೋಗು, ನಿನ್ನ ಕ್ಲಾಸಿಗೆ ತಡ ಆಗ್ತದೆ."

ಅವನ ಚೀಲದಲ್ಲಿ ತೆಂಗಿನಕಾಯಿ, ಹುಣಸೆ, ಮಗಳು ಕಳಿಸಿದ ಮೆಣಸು ಇದ್ದವು. ಅಂದು ಸೆಂದಿಯ ವರ್ಷಾಂತ. ಅವನ ಮನೆತನದಲ್ಲಿ ಆ ದಿನ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ, ಬಾಳೆಲೆಯಲ್ಲಿ ಮೊದಲು ಅವರಿಗೆ ಬಡಿಸುತ್ತಾರೆ. ಅಲ್ಲಿಯವರೆಗೆ ಮನೆಯವರ ತುಟಿಗೆ ಅನ್ನದ ಅಗುಳು ತಾಗಬಾರದು. ಸೆಂದಿಗೆ ಮಲ್ಪೆಯ ಮೀನುಸಾರು ಎಂದರೆ ಪ್ರಾಣ. ಅವಳ ಒಲೆಯ ಮೇಲೆಯೇ ಅದು ಕುದಿಯಬೇಕೆಂದು ಅವನು ನಿಶ್ಚಯಿಸಿದ್ದ.

ಕಪಿತ್‌ನಲ್ಲಿ ಯಾವ ದೋಣಿಯವನೂ ಒಪ್ಪಲಿಲ್ಲ. ಕೊನೆಗೆ ಉದ್ದಮನೆಯವನೇ ಆದ ಮಾಂಚಾ ಮೋಟಾರು ಹೂಡಿದ. ವರ್ಷವಿಡೀ ಜಯಕರನನ್ನು ಕರೆದೊಯ್ದವನು ಅವನೇ. ಅರ್ಧ ದಾರಿಯಲ್ಲಿ, ಹೊಳೆ ಎರಡಾಗುವ ಕಡೆ, ಸೆಂದಿಯ ಚಿಕ್ಕಮ್ಮ ಇಂದಾಯ್ ಲೂತಾಳ ಮನೆ. ಮಳೆ ಸ್ವಲ್ಪ ಇಳಿಯಲೆಂದು ಅಲ್ಲಿ ದೋಣಿ ಕಟ್ಟಿದರು. ಯಾವಾಗಲೂ ಬೊಗಳುವ ಅವಳ ನಾಯಿಗಳು ಅಂದು ಮೆಟ್ಟಿಲ ಕೆಳಗೆ ಸೇರಿಕೊಂಡು ಸುಮ್ಮನೆ ನೋಡಿದವು.

ಮುದುಕಿ ಆಗಷ್ಟೇ ಅನ್ನ ಬಸಿದಿದ್ದಳು. ಎಲೆಯಲ್ಲಿ ತಂದು ಮುಂದಿಟ್ಟಳು. ಮಾಂಚಾ ಗಬಗಬನೆ ಉಂಡ.

"ತಿನ್ನಿ ಚಿಕ್ಗು. ಬರೀ ಮೂಳೆಯಾಗಿದ್ದೀರಿ."

"ಇವತ್ತು ಆಗದು ಇಂದಾಯ್. ಮೊದಲು ಅವಳು ಉಣ್ಣಬೇಕು."

"ಸರಿ, ತಿನ್ನಬೇಡಿ. ಬೆರಳಲ್ಲಿ ಮುಟ್ಟಿ ತುಟಿಗೆ ತಾಗಿಸಿ. ಅಷ್ಟು ಸಾಕು."

ಹೊಳೆಯ ಜನರ ಕಟ್ಟಳೆಯದು. ಕೊಟ್ಟ ಅನ್ನವನ್ನು ಬಿಟ್ಟು ದಾರಿ ಹಿಡಿದವನಿಗೆ ಪುನಿ ಹಿಡಿಯುತ್ತದೆ. ಹಾವೋ ಮೊಸಳೆಯೋ ನೀರೋ, ಏನೋ ಒಂದು ಅವನನ್ನು ಕಾಯುತ್ತದೆ. ಹಸಿವಿಲ್ಲದವರೂ ಬೆರಳು ಮುಟ್ಟಿಸಿ ಏಳುತ್ತಾರೆ. ಇಷ್ಟು ವರ್ಷ ಜಯಕರನೂ ಹಾಗೇ ಮಾಡಿದ್ದ. ಒಂದು ಸಲವೂ ತಪ್ಪಿಸಿರಲಿಲ್ಲ. ಆದರೆ ಆ ದಿನ ತುಟಿಗೆ ತಾಗಿಸಿದರೆ ಸೆಂದಿಗಿಂತ ಮೊದಲು ಉಂಡಂತೆ.

"ಅವಳು ಹುಟ್ಟುವಾಗ ಈ ಕೈಯಲ್ಲೇ ಹಿಡಿದು ಹೊರಗೆಳೆದವಳು ನಾನು," ಎಂದಳು ಮುದುಕಿ. "ಅವಳಿದ್ದಿದ್ದರೆ ಮುಟ್ಟು ಅಂತಲೇ ಹೇಳುತ್ತಿದ್ದಳು."

"ಅವಳು ಇಲ್ಲವಲ್ಲ."

ಮುದುಕಿಯ ಮುಖ ಬಿಗಿದುಕೊಂಡಿತು. ಒಂದು ಚಿಟಿಕೆ ಅನ್ನ ತೆಗೆದು ಅವನ ಅಂಗಿಯ ತೋಳಿಗೆ ಒತ್ತಲು ಬಂದಳು, ಅದೂ ಉಂಡ ಲೆಕ್ಕವೇ. ಅವನು ನಕ್ಕು, ಮೃದುವಾಗಿ ಅವಳ ಕೈ ಸರಿಸಿದ.

ಮಾಂಚಾ ದೋಣಿಯ ಹಗ್ಗ ಹಿಡಿದುಕೊಂಡೇ ನಿಂತ. "ನಾಳೆ ಹೋಗೋಣ ಚಿಕ್ಗು."

"ಅಮಾವಾಸ್ಯೆ ಇವತ್ತು."

"ನಾನು ಹೇಳುತ್ತಿರುವುದು ಅದಲ್ಲ."

"ಗೊತ್ತು. ನಡಿ."

ಆಮೇಲಿನದು ಮಾಂಚಾ ಹೇಳಿದ್ದರಿಂದ ತಿಳಿದದ್ದು. ಉದ್ದಮನೆಯ ತಗಡು ಮಾಡು ಕಣ್ಣಿಗೆ ಬಿದ್ದಿತ್ತು. ಜಯಕರ ಚೀಲವನ್ನು ಎದೆಗೆ ಅವಚಿಕೊಂಡು ಎದ್ದು ಕೂತ. ನೀರಿನೊಳಗಿಂದ ಒಂದು ಮರ ತಲೆಯೆತ್ತಿತು. ತೇಲಿ ಬಂದದ್ದಲ್ಲ, ಮುಳುಗಿದ್ದದ್ದು ಎದ್ದದ್ದು. ದೋಣಿ ಮಗುಚಿತು. ಮಾಂಚಾನಿಗೆ ಬಳ್ಳಿ ಸಿಕ್ಕಿತು. ಜಯಕರ ಕೂಗಲಿಲ್ಲ. ಮಲ್ಪೆಯಲ್ಲಿ ಹುಟ್ಟಿದವನಿಗೆ ಈಜು ಬರುತ್ತಿತ್ತು.

ಆ ಅಮಾವಾಸ್ಯೆಗೆ ಸೆಂದಿಯ ಒಲೆ ಹೊತ್ತಲಿಲ್ಲ.

ಸುದ್ದಿ ತಿಳಿದು ಧೃತಿ ಬಂದಳು, ರಮಾನಂದ ಜೊತೆಗಿದ್ದ. ನೀರು ಇಳಿಯತೊಡಗಿದ ಮೇಲೆ ದೇಹ ಕೆಳಗಿನ ತಿರುವಿನ ಮರದ ರಾಶಿಯಲ್ಲಿ ಸಿಕ್ಕಿತು. ಉದ್ದಮನೆಯ ಗಂಡಸರು ಹೊತ್ತು ತಂದು ಮೆಟ್ಟಿಲ ಬುಡದಲ್ಲಿ ನಿಂತರು. ಮೇಲೆ ಹತ್ತಲಿಲ್ಲ. ಮಳೆ ಅವರ ಮೇಲೂ ಅವನ ಮೇಲೂ ಸುರಿಯುತ್ತಿತ್ತು.

"ಒಳಗೆ ತನ್ನಿ!" ಎಂದಳು ಧೃತಿ.

ಉಂಚಾತ್ ತಲೆಯಾಡಿಸಿದ. "ನೀರಿನಿಂದ ಬಂದ ಸಾವು. ಬೇರೆ ಕೋಣೆಯವರ ಮುಂದೆ ಮಲಗಿಸುವಂತಿಲ್ಲ. ಅವನ ಕೋಣೆಯ ಒಲೆ ತಣ್ಣಗಿದೆ. ಸತ್ತ ಕೋಣೆ ಸತ್ತವನನ್ನು ತೆಗೆದುಕೊಳ್ಳುವುದಿಲ್ಲ."

"ಅಂಕಲ್, ಪ್ಲೀಸ್, ದಿಸ್ ಈಸ್ ಮೈ ಫಾದರ್!" ಅವಳು ರಮಾನಂದನ ಕಡೆ ತಿರುಗಿದಳು. "ನೀವು ಹೇಳಿ ಇವರಿಗೆ."

ರಮಾನಂದ ಬೇಡಿಕೊಂಡ. ಮಾಂಚಾ ಅತ್ತ. ಹೊತ್ತವರಲ್ಲಿ ಒಬ್ಬರ ಕಾಲೂ ಕದಲಲಿಲ್ಲ. ಅವರಿಗೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಬಾಗಿಲಿಗೆ ಇನ್ನೂ ಹಲಗೆ ಹೊಡೆದಿಲ್ಲ. ಹೊತ್ತಿಸಬಲ್ಲವರು ಇಲ್ಲಿ ಒಬ್ಬರೇ ಇದ್ದಾರೆ," ಎಂದ ಉಂಚಾತ್. ಅವಳ ಮುಖ ನೋಡಲಿಲ್ಲ.

ಧೃತಿ ಮಳೆಯಲ್ಲಿ ಅಪ್ಪನನ್ನು ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲು ಹತ್ತಿದಳು. ಉಬ್ಬಿದ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋದಳು. ಸೌದೆ ಥಂಡಿ ಹಿಡಿದಿತ್ತು. ಕಡ್ಡಿಗಳು ಆರಿದವು. ಕೊನೆಗೆ ಗೋಡೆಯ ಹಳೆಯ ಕ್ಯಾಲೆಂಡರನ್ನೇ ಹರಿದು ಒಲೆಗೆ ತುರುಕಿದಳು. ಹೊಗೆ ಮಾಡಿನ ಮೇಲೆ ಏಳುವುದನ್ನು ಕೆಳಗಿನವರೆಲ್ಲ ತಲೆಯೆತ್ತಿ ನೋಡಿದರು, ಜಯಕರನನ್ನು ಒಳಗೆ ತಂದರು.

ಹೆಂಗಸರು ಅವನ ಮೈ ಒರೆಸುತ್ತಿದ್ದಾಗ ಉಂಚಾತ್ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಈಗವನ ದನಿ ಮೆತ್ತಗಿತ್ತು. ಮಗಳ ಹತ್ತಿರ ಮಾತಾಡುವವನಂತಿದ್ದ.

"ಹುಣ್ಣಿಮೆಯ ಒಲೆಗೆ ನೀನು ಬರುವಾಗ ನೀರು ಮತ್ತೆ ಏರಿರುತ್ತದೆ ಮಗಳೇ," ಎಂದ. "ಕಪಿತ್‌ಗೆ ಒಂದು ದಿನ ಮುಂಚೆಯೇ ಬಂದುಬಿಡು. ಮಾಂಚಾನ ದೋಣಿ ಕಳಿಸುತ್ತೇನೆ."