ಕತ್ತರಿಯಕ್ಕ ಮತ್ತು ಒಂದು ಎಳೆ ಹತ್ತಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆ, ಜನರೇಟರಿನ ಪಕ್ಕದ ಕಿಟಕಿಯಿಲ್ಲದ ಕೋಣೆ. ಮೊಣಕೈವರೆಗೆ ಗ್ಲೌಸ್, ಮುಖಕ್ಕೆ ಪ್ಲಾಸ್ಟಿಕ್ಕಿನ ಪರದೆ ಹಾಕಿಕೊಂಡ ಹೆಂಗಸೊಬ್ಬರು ದೀಪದ ಕೆಳಗೆ ಒಂದು ತೆಳ್ಳನೆಯ ಕೊಳವೆಯನ್ನು ಎಳೆದು ಹಿಡಿದಿದ್ದಾರೆ. ಅದರ ತುದಿಯಲ್ಲಿ ಸಣ್ಣ ಲೋಹದ ಬಳೆಗಳು. ತೊಡೆಯ ರಕ್ತನಾಳದಿಂದ ಹೃದಯದವರೆಗೆ ತೂರಿಸಿ, ಎದೆಬಡಿತ ಹಳಿ ತಪ್ಪಿಸುವ ಜಾಗವನ್ನು ಹುಡುಕಿ ಸುಡುವ ಕ್ಯಾತಿಟರ್ ಇದು. ತೊಳೆದು ಒಣಗಿಸಿದ್ದಾಗಿದೆ. ಈಗ ಚಿಟಿಕೆ ಹತ್ತಿಯಿಂದ ಈ ತುದಿಯಿಂದ ಆ ತುದಿಯವರೆಗೆ ಸವರುತ್ತಾರೆ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಅಲ್ಲೆಲ್ಲೋ ತರಚಿದೆ ಎಂದರ್ಥ. ಸಿಕ್ಕಿಕೊಳ್ಳದಿದ್ದರೆ ಕರೆಂಟ್ ಸರಿಯಾಗಿ ಹರಿಯುತ್ತದೆಯೇ ಎಂದು ಮೀಟರಿಗೆ ಹಚ್ಚಿ ನೋಡಿ, ಕ್ರಿಮಿ ಕೊಲ್ಲುವ ಗ್ಯಾಸ್ ಮಷೀನಿಗೆ ಕಳಿಸುತ್ತಾರೆ. ಆ ಮೇಲೆ ಅದು ಇನ್ನೊಬ್ಬರ ಜೀವ ಉಳಿಸಲು ಹೊರಡುತ್ತದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಕತ್ತರಿಯಕ್ಕ ಎಂದು. ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಕತ್ತರಿ. ಎಳೆ ಸಿಕ್ಕಿಕೊಂಡ ಕೊಳವೆಯನ್ನು ನಿಂತಲ್ಲೇ ಎರಡು ತುಂಡು ಮಾಡುತ್ತಾರೆ. ಹಿಂದೊಮ್ಮೆ ಇವರು ಬೇಡವೆಂದು ಎಸೆದದ್ದನ್ನು ಸೂಪರ್‌ವೈಸರ್ ಬುಟ್ಟಿಯಿಂದ ಎತ್ತಿ, ಮೇಲೆ ಅವಸರವಿದೆಯೆಂದು ಲಿಫ್ಟಿಗೆ ಇಟ್ಟಿದ್ದರಂತೆ. "ಬಾಗಿಲು ಮುಚ್ಚೋದ್ರೊಳಗೆ ಕಾಲು ಅಡ್ಡ ಇಟ್ಟೆ. ಕಿತ್ಕೊಂಡೆ. ಅವತ್ತಿಂದ ಕತ್ತರಿ ಬಿಟ್ಟು ಇರಲ್ಲ. ತುಂಡು ಮಾಡಿದ್ದನ್ನ ಯಾವ ಮಹಾನುಭಾವನೂ ಜೋಡಿಸಲಾರ ನೋಡಿ!"

ನೆಲ ಒರೆಸುವ ಕೆಲಸಕ್ಕೆ ಬಂದವರು ಇವರು. ಹಳೆಯ ನರ್ಸಮ್ಮ ಒಬ್ಬರು ಕೈಹಿಡಿದು ಈ ಕೆಲಸ ಕಲಿಸಿದರು. ಅವರು ನಿವೃತ್ತರಾದಾಗ ಕೋಣೆ ಇವರ ಪಾಲಿಗೆ ಬಂತು, ಬಾಗಿಲ ಮೇಲಿನ "ಹಳೆ ಸಾಮಾನು" ಎಂಬ ಫಲಕದ ಸಮೇತ. ಹೊರಗಿನ ಗಣ್ಯರು ಆಸ್ಪತ್ರೆ ನೋಡಲು ಬಂದಾಗ ಈ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಒಳಗೆ ಅಕ್ಕ ಇದ್ದರೂ ಸರಿಯೆ. ಥೂ, ನಾಚಿಕೆ ಎಂಬುದು ಈ ಕಟ್ಟಡದ ಯಾವ ಮಹಡಿಯಲ್ಲಿದೆಯೋ, ಪತ್ರಿಕೆಗೆ ಬರೆಯಲು ಬಂದ ನನಗಂತೂ ಕಾಣಲಿಲ್ಲ.

ಇಂದು ಟ್ರೇಯಲ್ಲಿ ಕೆಲವೇ ಕೊಳವೆಗಳಿವೆ. ಅವುಗಳಲ್ಲಿ ಒಂದನ್ನು ಅಕ್ಕ ಪಕ್ಕಕ್ಕೆ ಸರಿಸಿ ಕೊನೆಗೆಂದು ಇಟ್ಟಿದ್ದಾರೆ. ಯಾಕೆಂದು ಕೇಳಿದೆ.

"ಅದು ನನ್ನ ತಂಗಿಗೆ."

ತಂಗಿ ಇವರ ಜೊತೆಯಲ್ಲೇ ಇರುವವರು, ಬಟ್ಟೆ ಹೊಲಿಯುತ್ತಾರೆ. ಇದ್ದಕ್ಕಿದ್ದಂತೆ ಎದೆ ದಡದಡ ಹೊಡೆದುಕೊಂಡು ಕಣ್ಣು ಕತ್ತಲೆ ಬರುತ್ತದೆ. ಕಳೆದ ಸಲ ಮಷೀನಿನ ಮೇಲೇ ಬಿದ್ದು ಸೂಜಿ ಬೆರಳಿನ ಆರಪಾರ ಹೋಗಿತ್ತು. ಉಚಿತ ವಾರ್ಡಿನಲ್ಲಿ ಸರದಿಗಾಗಿ ತಿಂಗಳುಗಟ್ಟಲೆ ಕಾದು, ಅಂತೂ ನಾಡಿದ್ದಿಗೆ ದಿನ ಗೊತ್ತಾಗಿದೆ. ನಿನ್ನೆಯೇ ಸೇರಿಸಿಕೊಂಡಿದ್ದಾರೆ. ಅವರಿಗೆ ಬೇಕಾದ ಬಗೆಯ ಕೊಳವೆ ಈಗ ಉಳಿದಿರುವುದು ಇದೊಂದೇ.

ಯಾಕೆ ಒಂದೇ? ಇಲ್ಲಿಂದಲೇ ನನ್ನ ಪಿತ್ತ ನೆತ್ತಿಗೇರುವುದು. ಈಗ ಬರುತ್ತಿರುವ ಹೊಸ ಕೊಳವೆಗಳ ಪ್ಲಗ್ಗಿನೊಳಗೆ ಒಂದು ಚಿಪ್ ಇದೆ. ಒಂದು ಸಲ ಬಳಸಿದರೆ ಮುಗಿಯಿತು, ಎರಡನೆಯ ಸಲ ಯಂತ್ರ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಕೊಳವೆ ಗಟ್ಟಿಯಾಗಿಯೇ ಇರುತ್ತದೆ. "ಕೆಟ್ಟಿಲ್ಲ ಸಾರ್ ಅದು, ಬೀಗ ಹಾಕಿದ್ದಾರೆ" ಎನ್ನುತ್ತಾರೆ ಅಕ್ಕ. ಹೊಸದೆಲ್ಲ ಮೇಲಿನ ಮಹಡಿಯ ಹಣವಂತರಿಗೆ. ಒಂದೇ ಬಳಕೆ, ನೇರ ಕಸದ ಚೀಲಕ್ಕೆ. ಚಿಪ್ ಇಲ್ಲದ ಹಳೆಯವು ಅಕ್ಕನ ಕೈಯಲ್ಲಿ ಮತ್ತೆ ಮತ್ತೆ ಹುಟ್ಟಿ, ಉಚಿತ ವಾರ್ಡಿನವರಿಗೆ. ಅವೂ ಸವೆಯುತ್ತಿವೆ.

ಹಾಗಾದರೆ ಬಡವರಿಗೆ ಮಾತ್ರ ತೊಳೆದದ್ದೇ ಎಂದು ಕೆಣಕಿದೆ. ಅಕ್ಕ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. "ನಾನೂ ಅದನ್ನೇ ಕೇಳೋದು. ತೊಳೆದದ್ದು ಒಳ್ಳೇದಾದ್ರೆ ಎಲ್ರಿಗೂ ಹಾಕಿ. ಕೆಟ್ಟದ್ದಾದ್ರೆ ಯಾರಿಗೂ ಬೇಡ. ಎರಡರಲ್ಲಿ ಒಂದು ಹೇಳ್ರಪ್ಪಾ ಅಂದ್ರೆ ಎಲ್ಲರ ಬಾಯಿಗೂ ಬೀಗ."

ಆಫೀಸು ತೆರೆಯುವ ಹೊತ್ತಿಗೆ ಉತ್ತರಕ್ಕಾಗಿ ಮೇಲೆ ಹತ್ತಿದೆ. ಮೊಗಸಾಲೆಯಲ್ಲಿ "ನಮ್ಮದು ಹಸಿರು ಆಸ್ಪತ್ರೆ" ಎಂಬ ಬ್ಯಾನರ್, ಕೆಳಗೆ ಸಾಲಾಗಿ ಪ್ಲಾಸ್ಟಿಕ್ಕಿನ ಗಿಡಗಳು! ಆಪರೇಷನ್ ಕೋಣೆಯ ಹೊರಗೆ ಬಾಯಿ ಕಟ್ಟಿದ ಕಸದ ಚೀಲಗಳನ್ನು ಎದೆಯೆತ್ತರ ಪೇರಿಸಿಟ್ಟಿದ್ದಾರೆ. ಕವರ್ ಹರಿದ ತಪ್ಪಿಗೆ, ಯಾರ ಮೈಯನ್ನೂ ಮುಟ್ಟದ ಕೊಳವೆಗಳೂ ಅವುಗಳಲ್ಲಿ ಇವೆಯಂತೆ. ಆಡಳಿತಾಧಿಕಾರಿ ತಣ್ಣಗೆ ನಕ್ಕರು. "ಕಂಪನಿ ಒಂದೇ ಸಲ ಅಂತ ಬರೆದಿದೆ. ನಾವೇನು ಮಾಡೋಣ ಹೇಳಿ?" ಹಾಗಿದ್ದರೆ ಕೆಳಗೆ ಇಷ್ಟು ವರ್ಷ ಮಾಡಿಸುತ್ತಿರುವುದು ಏನು ಸ್ವಾಮಿ? "ಅದು ಬೇರೆ ವಿಷಯ" ಎಂದರು. ಚಿಪ್ ಇಲ್ಲದ್ದನ್ನೇ ಕೊಡಿ ಎಂದು ಕಂಪನಿಗೆ ಹೇಳಬಹುದಲ್ಲ? "ಇದುವರೆಗೆ ಯಾರೂ ಕೇಳಿಲ್ಲ." ಕೇಳಬೇಕಾದವರು ಇವರೇ. ಮೆಟ್ಟಿಲಿಳಿದು ಬಂದೆ.

ಕೆಳಗೆ ಅಕ್ಕ ಕೊನೆಯ ಕೊಳವೆಯನ್ನು ಎತ್ತಿಕೊಂಡಿದ್ದಾರೆ. ಹತ್ತಿ ನಿಧಾನವಾಗಿ ಜಾರುತ್ತದೆ. ಅರ್ಧ ದಾಟಿತು, ಮುಕ್ಕಾಲು ದಾಟಿತು. ಲೋಹದ ಬಳೆಗಳ ಹತ್ತಿರ ಬಂದಾಗ ಒಂದು ಬಿಳಿ ಎಳೆ ನಿಂತಿತು. ಅಕ್ಕ ಅದನ್ನು ಊದಿದರು, ಹೋಗಲಿಲ್ಲ. ಹೊಸ ಹತ್ತಿ ತೆಗೆದುಕೊಂಡು ಮತ್ತೆ ಸವರಿದರು. ಎಳೆ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು. ಜೇಬಿಗೆ ಕೈ ಹೋಯಿತು. ಕಚಕ್ಕೆಂದು ಸದ್ದಾಯಿತು, ಎರಡು ತುಂಡು ಬುಟ್ಟಿಗೆ ಬಿದ್ದವು.

ಆ ಮೇಲೆ ಅಕ್ಕ ಸ್ಟೂಲಿನ ಮೇಲೆ ಕೂತು ಪರದೆ ಎತ್ತಿ ಮುಖ ಒರೆಸಿಕೊಂಡರು.

ಇಬ್ಬರೂ ವಾರ್ಡಿಗೆ ಹೋದೆವು. ತಂಗಿ ಹಾಸಿಗೆಯ ಮೇಲೆ ಕೂತು ಪಕ್ಕದವರ ದಿಂಬಿನ ಚೀಲದ ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕುತ್ತಿದ್ದರು. ಅಕ್ಕನ ಮುಖ ನೋಡಿದ್ದೇ ಅರ್ಥವಾಯಿತು. "ಕತ್ತರಿಸಿದ್ಯಾ?"

"ಹ್ಞೂಂ ಕಣೇ. ಇನ್ನೊಂದು ಸಿಗೋವರೆಗೆ ಕಾಯ್ಬೇಕು."

ತಂಗಿ ದಾರವನ್ನು ಹಲ್ಲಿನಿಂದ ಕಡಿದರು. "ಸರಿ ಬಿಡು. ಬಟ್ಟೆ ತುಂಬಿಕೋತೀನಿ, ಮನೆಗೆ ಹೋಗೋಣ" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಹೊರಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಒಂದು ಎಳೆ ತಾನೇ, ಯಾರಿಗೆ ಗೊತ್ತಾಗುತ್ತಿತ್ತು ಎಂದುಬಿಟ್ಟೆ. ಅಕ್ಕ ಅಲ್ಲೇ ನಿಂತರು. ಬೆಳಗಿನಿಂದ ತಡೆದುಕೊಂಡಿದ್ದೆಲ್ಲ ನನ್ನ ಮೇಲೆ ಬಂತು.

"ಬೇರೆಯವರ ತಂಗಿಗಾಗಿದ್ರೆ ಕತ್ತರಿಸ್ತಿದ್ದೆ. ನನ್ನ ತಂಗಿಗೆ ಅಂತ ಬಿಡ್ಲಾ? ಹಾಳಾದದ್ದು ಯಾವುದು ಅಂತ ನೋಡೋಕೆ ನಾನಿದ್ದೀನಿ. ಹಾಳಾಗದೇ ಇರೋದನ್ನ ಅಲ್ಲಿ ಮೇಲೆ ರಾಶಿ ಹಾಕಿದ್ದಾರಲ್ಲ, ಅದರಲ್ಲಿ ಒಂದೇ ಒಂದು ಬೀಗವಿಲ್ಲದೆ ಕೈಗೆ ಸಿಕ್ಕಿದ್ರೆ ನಾಡಿದ್ದು ನನ್ನ ತಂಗಿ ಎದ್ದು ಓಡಾಡ್ತಿದ್ಲು. ಬರೀರಿ ಇದನ್ನ. ನನ್ನ ಫೋಟೋ ಬೇಡ, ಹೊಗಳಿಕೆಯೂ ಬೇಡ."

ಲಿಫ್ಟಿನ ಬಾಗಿಲು ತೆರೆಯಿತು. ಕೆಳಗೆ ಇನ್ನೊಂದು ಟ್ರೇ ಕಾಯುತ್ತಿತ್ತು. ಒಳಗೆ ಹೆಜ್ಜೆಯಿಟ್ಟು, ಜೇಬು ಮುಟ್ಟಿ ನೋಡಿಕೊಂಡು ಹೇಳಿದರು:

"ಬೀಗ ತೆಗೀರಿ ಅನ್ನಿ ಅವರಿಗೆ, ಅಷ್ಟು ಸಾಕು. ಕತ್ತರಿ ನನ್ನ ಹತ್ರ ಇದೆ."