ಇನ್ಶಿರಾಹಳ ಗಾಜಿನ ಕಪಾಟು

ಕೈರೋದ ನಮ್ಮ ಇಂಬಾಬಾ ಗಲ್ಲಿಯಲ್ಲಿ ಮನೆಯಲ್ಲಿ ಊಟವಿಲ್ಲದಿದ್ದರೂ ನಡೆಯುತ್ತದೆ, ನೀಶ್ ಇಲ್ಲದಿದ್ದರೆ ನಡೆಯುವುದಿಲ್ಲ. ನೀಶ್ ಎಂದರೆ ಗಾಜಿನ ಬಾಗಿಲಿನ ಕಪಾಟು. ಅದರೊಳಗೆ ಮದುವೆಗೆ ತಂದ ಪಿಂಗಾಣಿ ಇರಬೇಕು, ಸಾಯುವ ತನಕ ಅದನ್ನು ಯಾರೂ ಬಳಸಬಾರದು. ನಮ್ಮ ಕೆಳಮನೆಯ ಇನ್ಶಿರಾಹಳದು ಬಂಗಾರದ ಅಂಚಿನ ಸೆಟ್ಟು. ಗಂಡ ಇಟ್ಟಿಗೆ ಹೊತ್ತು ಹೊತ್ತೇ ತೀರಿಕೊಂಡ. ಅವಳು ಶಾಲೆಯ ನೆಲ ಒರೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಪಿಂಗಾಣಿ ಮಾತ್ರ ಮಹಾರಾಣಿಯ ಹಾಗೆ ಒಳಗೆ ಕೂತು ಶುಕ್ರವಾರಕ್ಕೊಮ್ಮೆ ಧೂಳು ಒರೆಸಿಸಿಕೊಳ್ಳುತ್ತಿತ್ತು.

ಈ ವರ್ಷ ಸರ್ಕಾರಕ್ಕೆ ಉಳಿತಾಯದ ಹುಚ್ಚು ಹಿಡಿಯಿತು. ಸಾಲ ಕೊಟ್ಟ ಹೊರಗಿನವರು ಹೊಟ್ಟೆಬಟ್ಟೆ ಕಟ್ಟಿ ಎಂದರಂತೆ. ಯಾರ ಹೊಟ್ಟೆ ಎಂದು ಅವರು ಹೇಳಿರಲಿಲ್ಲ, ನಮ್ಮ ದೊಡ್ಡವರು ನಮ್ಮದನ್ನು ಆರಿಸಿಕೊಂಡರು. ಮರುಭೂಮಿಯಲ್ಲಿ ಅವರ ಹೊಸ ಕಚೇರಿಗಳ ಮುಂದಿನ ಹುಲ್ಲಿಗೆ ನೀರು ಬಿಡುವುದು ನಿಲ್ಲಲಿಲ್ಲ. ಅನುಕೂಲಸ್ಥರಿಗೆ ಅಗ್ಗದ ರೊಟ್ಟಿಯ ಕಾರ್ಡು ಯಾಕೆ ಎಂದು ನಮ್ಮ ಮನೆಗಳನ್ನು ತಪಾಸಣೆ ಮಾಡಲು ಜನ ಹೊರಟರು. ಆ ಕಾರ್ಡು ಹೋದರೆ ಇನ್ಶಿರಾಹಳ ಮನೆಯಲ್ಲಿ ಎರಡು ಹೊತ್ತಿನ ಊಟ ಒಂದು ಹೊತ್ತಿಗೆ ಇಳಿಯುತ್ತದೆ.

"ಆ ಕಪಾಟು ಅವರ ಕಣ್ಣಿಗೆ ಬಿದ್ರೆ ಕಾರ್ಡು ಹೋಯ್ತು ಅಂತ್ಲೇ ತಿಳ್ಕೋ ಅಕ್ಕ" ಎಂದ ನನ್ನ ಗಂಡ ಫತ್ಹಿ. "ನಮ್ಮನೇಲಿಡು. ನಮ್ದು ಮೊನ್ನೆಯೇ ನೋಡ್ಕೊಂಡು ಹೋದ್ರು."

ಗಲ್ಲಿಯ ಗಂಡಸರು ಹೆಣ ಹೊತ್ತಂತೆ ಅದನ್ನು ಹೊತ್ತು ನಮ್ಮ ಮನೆಗೆ ತಂದಿಟ್ಟರು.

ಮರುದಿನ ಬೆಳಿಗ್ಗೆ ತಪಾಸಣೆಯ ಹುಡುಗಿ ಗೀಹಾನ್ ಕೆಳಮನೆಗೆ ಬಂದಳು. ಬೋಳು ಗೋಡೆ, ಹರಿದ ಚಾಪೆ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಸೊಟ್ಟಗಾದ ತಗಡಿನ ಲೋಟಕ್ಕೆ ಚಹ ಬಗ್ಗಿಸುವಾಗ ಇನ್ಶಿರಾಹಳ ಕೈ ತಡೆಯಿತು. ದಡದಡ ಮೆಟ್ಟಿಲು ಹತ್ತಿ ಬಂದವಳೇ ಕಪಾಟಿನ ಬಾಗಿಲಿಗೆ ಕೈ ಹಾಕಿದಳು.

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದೆ ನಾನು.

"ಮನೆಗೆ ಬಂದ ಹುಡುಗಿಗೆ ತಗಡಲ್ಲಿ ಚಹ ಕೊಡ್ಲಾ? ಕೈ ಬಿಡು."

"ರೊಟ್ಟಿ ಹೋಗುತ್ತೆ ಕಣೆ."

"ಮಾನ ಹೋದ್ಮೇಲೆ ಆ ರೊಟ್ಟಿ ಗಂಟಲಲ್ಲಿ ಇಳಿಯುತ್ತಾ?"

ಬಂಗಾರದ ಅಂಚಿನ ಕಪ್ಪಿನಲ್ಲಿ ಚಹ ಕುಡಿದ ಗೀಹಾನ್ ಕಣ್ಣರಳಿಸಿದಳು. "ಎಷ್ಟು ಚೆನ್ನಾಗಿದೆ ಅತ್ತೆ. ನನ್ನ ಮದುವೆಗೂ ಅಮ್ಮ ಇಂಥದ್ದೇ ಹುಡುಕ್ತಿದಾರೆ. ಇದೊಂದೇ ಇರೋದಾ?"

ಕೇಳಬಾರದ್ದನ್ನೇ ಕೇಳಿದಳು. "ಒಂದೇ ಯಾಕಿರುತ್ತೆ ತಾಯಿ? ಪೂರ್ತಿ ಸೆಟ್ಟಿದೆ. ಬಾ, ತೋರಿಸ್ತೀನಿ" ಎಂದು ಇನ್ಶಿರಾಹ ಅವಳ ಕೈ ಹಿಡಿದೇ ಮೇಲಕ್ಕೆ ಕರೆತಂದಳು. ಹುಡುಗಿಯ ಬೆನ್ನ ಹಿಂದೆ ನಿಂತು ಫತ್ಹಿ ಕಣ್ಣು ಮಿಟುಕಿಸಿ ಮಿಟುಕಿಸಿ ಸುಸ್ತಾದ. ಇವಳಿಗೆ ಅದೆಲ್ಲಿ ಕಾಣಬೇಕು? ಒಂದೊಂದೇ ಬಟ್ಟಲು ತೆಗೆದು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಗೀಹಾನ್ ಮೆಚ್ಚಿಕೊಂಡು, ಫೋಟೋ ತೆಗೆದುಕೊಂಡು, ದೇವರು ನಿಮ್ಮ ಕೈಗೆ ಬರಕತ್ತು ಕೊಡಲಿ ಎಂದು ಹಾರೈಸಿ ಹೋದಳು.

ಮುಂದಿನ ತಿಂಗಳು ರೊಟ್ಟಿ ಅಂಗಡಿಯ ಯಂತ್ರ ಇನ್ಶಿರಾಹಳ ಕಾರ್ಡನ್ನು ಉಗುಳಿತು. ನಗಬೇಕೆಂದಿದ್ದೆ, ನನ್ನದನ್ನೂ ಉಗುಳಿತು. ಕಚೇರಿಯ ಗುಮಾಸ್ತ ತಲೆಯೆತ್ತದೆ ವಿವರಿಸಿದ: "ಕಪಾಟು ಅವರದು, ಅದಕ್ಕೆ ಅವರದು ಹೋಯ್ತು. ಇರೋದು ನಿಮ್ಮನೇಲಿ, ಅದಕ್ಕೆ ನಿಮ್ದೂ ಹೋಯ್ತು."

ಒಂದೇ ಕಪಾಟಿನಿಂದ ಎರಡು ಮನೆಯ ಬಡತನ ಓಡಿಸಿದ ಸರ್ಕಾರ ಲೋಕದಲ್ಲಿ ಇನ್ನೆಲ್ಲಿದೆ ಹೇಳಿ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ಶಿರಾಹಳನ್ನು ಬಯ್ಯೋಣವೆಂದರೆ ಅವಳು ಮಾಡಿದ್ದು ಬಂದವರಿಗೆ ಒಂದು ಕಪ್ಪು ಚಹ ಕೊಟ್ಟದ್ದು, ಅಷ್ಟೇ.

ಆ ಸಂಜೆ ಅವಳು ಮಕ್ಕಳ ಜೊತೆ ನಮ್ಮ ಮನೆಗೆ ಬಂದು ಕಪಾಟಿನ ತಟ್ಟೆಗಳನ್ನು ತೆಗೆದು ನೆಲದ ಮೇಲೆ ಹರಡಿದಳು.

"ಯಾರಮ್ಮ ಬರ್ತಾರೆ?" ಎಂದಳು ಹಿರಿಮಗಳು ನಿಸ್ಮಾ.

"ಯಾರೂ ಇಲ್ಲ. ನಾವೀಗ ಶ್ರೀಮಂತರಲ್ವಾ? ತಗಡಲ್ಲಿ ತಿಂದ್ರೆ ಸರ್ಕಾರಕ್ಕೆ ಅವಮಾನ."

ನಾವೆಲ್ಲ ನಕ್ಕೆವು. ಅವಳು ಬೇಯಿಸಿದ ಕಾಳಿನ ಪಾತ್ರೆ ನಡುವೆ ಇಟ್ಟು, ಇದ್ದ ಎರಡೇ ರೊಟ್ಟಿಯನ್ನು ಎಲ್ಲರಿಗೂ ಹರಿದು ಹಂಚಿದಳು. ಅಷ್ಟಗಲದ ತಟ್ಟೆಯಲ್ಲಿ ಆ ಚೂರು ಇದೆಯೋ ಇಲ್ಲವೋ ಎಂಬಂತಿತ್ತು. ಕಿರಿಯವಳು ತನ್ನ ತಟ್ಟೆ ನೋಡಿ, ಅಕ್ಕನ ತಟ್ಟೆ ನೋಡಿ, "ನಂಗೆ ಕಮ್ಮಿ ಹಾಕಿದೀಯ" ಎಂದು ಅಳತೊಡಗಿದಳು.

ಇನ್ಶಿರಾಹ ತನ್ನ ಪಾಲನ್ನು ಅವಳ ತಟ್ಟೆಗೆ ಹಾಕಿದಳು. ಆಮೇಲೆ ತನ್ನ ಖಾಲಿ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತ ಕೂತಳು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.